ಮೂವತ್ತೇಳು ಶ್ರೀಕಾರ

ನಮ್ಮ ಮನೆಯಲ್ಲಿ ಶ್ರೀಕಾರ ಹಾಕದೆ ಯಾವ ಕಾಗದವನ್ನೂ ಶುರು ಮಾಡುವುದಿಲ್ಲ. ದಿನಸಿ ಚೀಟಿಯ ನೆತ್ತಿಯ ಮೇಲೂ ಶ್ರೀ, ‘ನಾಳೆ ಹಾಲು ಬೇಡ’ ಎಂದು ಬಾಗಿಲಿಗೆ ಸಿಕ್ಕಿಸುವ ತುಂಡು ಕಾಗದದ ಮೇಲೂ ಶ್ರೀ. ಅಪ್ಪ ಹಾಗೆ ಕಲಿಸಿದ್ದರು. ತರೀಕೆರೆಯಲ್ಲಿ ಕಂಪ್ಯೂಟರ್ ಕಲಿಸುವ ಕೇಂದ್ರವೊಂದು ಮುಚ್ಚಿದಾಗ ಅಲ್ಲಿಯ ಹಳೆಯ ಕಂಪ್ಯೂಟರೊಂದನ್ನು ಕಡೂರಿನ ನಮ್ಮ ಮನೆಗೆ ತಂದೆ. ಮೊದಲ ಸಲ ಬರೆದದ್ದನ್ನು ಉಳಿಸಲು ಹೋದಾಗ ಅದು ಹೆಸರು ಕೇಳಿತು. ಇಂಗ್ಲಿಷ್ ಅಕ್ಷರದಲ್ಲಿ ಶ್ರೀ ಎಂದು ಕೊಟ್ಟೆ. ಎರಡನೆಯದಕ್ಕೂ ಅದನ್ನೇ ಕೊಟ್ಟರೆ, ಆ ಹೆಸರಿನದು ಆಗಲೇ ಇದೆ, ಅಳಿಸಿ ಇದನ್ನಿಡಲೇ ಎಂದು ಕೇಳಿತು. ಶ್ರೀ ೨ ಎಂದೆ. ಹೀಗೆ ಏಳು ವರ್ಷದಲ್ಲಿ ಮೂವತ್ತೇಳು ಶ್ರೀಗಳಾದವು. ಯಾವುದರಲ್ಲಿ ಏನಿದೆ ಎಂಬುದು ದೇವರಿಗೇ ಗೊತ್ತಿರಬೇಕು. ಅವನ ಹೆಸರನ್ನೇ ಇಟ್ಟಿದ್ದೆನಲ್ಲ.

ಹೊಲಿಗೆ ಮೆಷಿನ್ ರಿಪೇರಿ ನನ್ನ ಕಸುಬು. ಎಂಥ ಹಠಮಾರಿ ಮೆಷಿನ್ ಆದರೂ ಸ್ಕ್ರೂಡ್ರೈವರ್ ಹಿಡಿದು ಕೂತರೆ ಅದರ ರೋಗ ಕಣ್ಣಿಗೆ ಕಾಣುತ್ತದೆ. ಕಂಪ್ಯೂಟರಿನ ರೋಗ ಕಾಣುವುದಿಲ್ಲ. ಕಾಣದ ರೋಗಕ್ಕೆ ಹೆದರುವುದು ನನ್ನ ಹುಟ್ಟುಗುಣ. ಬೀಗ ಹಾಕಿ ಬೀದಿ ತಿರುವಿನವರೆಗೆ ಹೋಗಿ, ಹಾಕಿದೆನೋ ಇಲ್ಲವೋ ಎಂದು ತಿರುಗಿ ಬಂದು ಜಗ್ಗಿ ನೋಡುವವನು ನಾನು.

ಆ ಶುಕ್ರವಾರ ಸಂಜೆ ಅಜ್ಜಂಪುರದಿಂದ ಫೋನು ಬಂತು. ನಮ್ಮ ಜೊತೆಗೇ ಇರುವ ಅಣ್ಣನ ಮಗಳಿಗೆ ಅಲ್ಲಿಯ ಹುಡುಗನೊಂದಿಗೆ ಮದುವೆ ಗೊತ್ತಾಗಿತ್ತು. ಅವಳು ತರೀಕೆರೆಯ ಶಾಲೆಯೊಂದರಲ್ಲಿ ಟೀಚರು. ಅವನು ಪಂಪ್‌ಸೆಟ್ ಮೋಟಾರಿಗೆ ವೈಂಡಿಂಗ್ ಮಾಡುವವನು. ಶಾಲೆಯ ಬೋರ್‌ವೆಲ್ ಮೋಟಾರು ಸುಟ್ಟಾಗ ಒಮ್ಮೆ ಬಂದಿದ್ದ. ಆಮೇಲೆ ಯಾಕೋ ಆ ಮೋಟಾರು ಪದೇಪದೇ ಕೆಡತೊಡಗಿತು. ಎರಡೂ ಮನೆಯವರು ಒಪ್ಪಿ, ಭಾನುವಾರ ವೀಳ್ಯಶಾಸ್ತ್ರ ಎಂದು ನಿಂತಿತ್ತು. ಫೋನು ಮಾಡಿದವರು ಹುಡುಗನ ದೊಡ್ಡಪ್ಪ, ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿ ನಿವೃತ್ತರಾದವರು.

“ಒಂದು ಮಾತು ಕಿವಿಗೆ ಬಿತ್ತು ಕಣ್ರೀ. ನಿಮ್ಮ ಮುತ್ತಾತ ನಮ್ಮ ಅಜ್ಜಂಪುರದ ಕಡೆಯಿಂದ ದತ್ತು ಹೋದೋರಂತೆ. ನಮ್ಮ ಬೆಡಗಿನ ಮನೆಯಿಂದ್ಲೇ ಹೋದೋರು ಅಂತಾರೆ. ಹೌದಾ?”

ನಮ್ಮಲ್ಲಿ ಒಂದೇ ಬೆಡಗಿನವರೆಂದರೆ ಒಂದೇ ಮೂಲದವರು, ಒಡಹುಟ್ಟಿದವರ ಲೆಕ್ಕ. ಅವರೊಳಗೆ ಹೆಣ್ಣು ಕೊಟ್ಟು ತರುವಂತಿಲ್ಲ. ನಮ್ಮದು ಅರಿಸಿನದ ಬೆಡಗು, ಅವರದು ಬೆಳ್ಳಿ ಬೆಡಗು. ಅಷ್ಟು ನೋಡಿಯೇ ಮಾತು ಮುಂದುವರಿದಿತ್ತು. ಆದರೆ ಮುತ್ತಾತ ಹುಟ್ಟಿದ್ದೇ ಬೆಳ್ಳಿ ಬೆಡಗಿನಲ್ಲಿ ಎಂದಾದರೆ ರಕ್ತ ಒಂದೇ ಆಯಿತು. ಹುಡುಗ ಹುಡುಗಿ ಅಣ್ಣ ತಂಗಿಯರಾಗುತ್ತಾರೆ.

“ನಾಳೆ ಹನ್ನೊಂದಕ್ಕೆ ಬತ್ತೀನಿ. ಏನಾದ್ರೂ ಪುರಾವೆ ಇದ್ರೆ ತೋರ್ಸಿ. ಇಲ್ದಿದ್ರೆ ಭಾನುವಾರದ್ದು ನಿಲ್ಲಿಸ್ಬಿಡೋಣ. ಬೇಜಾರು ಮಾಡ್ಕೋಬೇಡಿ.”

ಇಲ್ಲಿ ಸುಮ್ಮನಿರಬೇಕಿತ್ತು. “ಪುರಾವೆಗೇನು ಸ್ವಾಮಿ, ಹೆಳವ ಹೇಳಿದ್ದೆಲ್ಲ ನನ್ನ ಕಂಪ್ಯೂಟರಿನಲ್ಲಿದೆ” ಎಂದುಬಿಟ್ಟೆ. ಇರುವುದಂತೂ ನಿಜ. ನಮ್ಮ ಮನೆತನದ ಹೆಳವ ಮೂರು ವರ್ಷಕ್ಕೊಮ್ಮೆ ಎತ್ತಿನ ಮೇಲೆ ಕೂತು ಬಂದು, ಮನೆದೇವರಿಂದ ಹಿಡಿದು ನಮ್ಮ ತೊಟ್ಟಿಲ ಕೂಸಿನವರೆಗೆ ವಂಶಾವಳಿ ಹೇಳಿ, ಮೊರದ ತುಂಬ ರಾಗಿ ಹಾಕಿಸಿಕೊಂಡು ಹೋಗುತ್ತಿದ್ದ. ಆರು ವರ್ಷದ ಹಿಂದೆ ಬಂದಾಗ ಅವನು ಹೇಳಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಆಮೇಲೆ ಎರಡೇ ಬೆರಳಲ್ಲಿ ಒಂದು ತಿಂಗಳು ಕುಟ್ಟಿ ಕಂಪ್ಯೂಟರಿಗೆ ಇಳಿಸಿದ್ದೆ. ಇಳಿಸಿದ ಮೇಲೆ ನೋಟ್‌ಬುಕ್ಕಿನ ಚಿಂತೆ ಶುರುವಾಯಿತು. ಹಿರಿಯರ ಹೆಸರಿರುವ ಕಾಗದ. ರದ್ದಿಗೆ ಹಾಕುವಂತಿಲ್ಲ, ಸುಡುವಂತಿಲ್ಲ, ಇಟ್ಟರೆ ಇಲಿ ತಿಂದೀತು. ಕೊನೆಗೆ ಅರಿಸಿನ ಕುಂಕುಮ ಹಚ್ಚಿ ಮದಗದ ಕೆರೆಗೆ ಬಿಟ್ಟು ಕೈಮುಗಿದು ಬಂದಿದ್ದೆ. ಹೆಳವ ಹೋದ ವರ್ಷ ತೀರಿಕೊಂಡ. ಅವನ ಮಗನ ಫೋನು ಸ್ವಿಚ್ ಆಫ್. ಭೂಮಿಯ ಮೇಲೆ ಉಳಿದಿದ್ದ ಪುರಾವೆ ಆ ಮೂವತ್ತೇಳು ಶ್ರೀಗಳಲ್ಲಿ ಒಂದು.

ಶನಿವಾರ ಬೆಳಿಗ್ಗೆ ಆರೂವರೆಗೆ ಕಂಪ್ಯೂಟರಿನ ಮುಂದೆ ಕೂತೆ. ಅದು ಕಣ್ಣು ಬಿಡಲು ಹತ್ತು ನಿಮಿಷ ಬೇಕು. ಅಷ್ಟರಲ್ಲಿ ಅಣ್ಣನ ಮಗಳು ಬಂದು ಬಾಗಿಲಿಗೆ ಒರಗಿ ನಿಂತಳು. ರಾತ್ರಿಯೆಲ್ಲ ಅತ್ತಿದ್ದಳೆಂದು ಮುಖವೇ ಹೇಳುತ್ತಿತ್ತು.

“ಚಿಕ್ಕಪ್ಪ, ಅದ್ರಲ್ಲಿ ಏನಿದೆ ಅಂತ ನಿಮಗೆ ನೆನಪಿಲ್ವಾ?”

“ದತ್ತು ಬಂದಿದ್ದು ಇದೆ ಕಣೇ. ಎಲ್ಲಿಂದ, ಯಾವ ಬೆಡಗು ಅನ್ನೋದು ನೆನಪಿಲ್ಲ.”

“ಬೆಳ್ಳಿ ಅಂತ ಇದ್ರೆ?”

ರಾತ್ರಿಯಿಂದ ನನ್ನನ್ನು ಕೊರೆಯುತ್ತಿದ್ದುದೂ ಅದೇ. ಸಿಗದಿದ್ದರೆ ಮದುವೆ ನಿಲ್ಲುತ್ತದೆ. ಸಿಕ್ಕಿ, ಅದರಲ್ಲಿ ಬೆಳ್ಳಿ ಎಂದಿದ್ದರೂ ನಿಲ್ಲುತ್ತದೆ, ನನ್ನ ಕೈಯಾರೆ.

ಮೊದಲನೇ ಶ್ರೀಯ ಮೇಲೆ ಎರಡು ಸಲ ಒತ್ತಿದೆ. ಹಾಡು ಕೇಳುವ ಕಿಟಕಿ ತೆರೆದು, ಇದನ್ನು ಹಾಡಲು ಬರುವುದಿಲ್ಲ ಎಂದಿತು. ಎರಡನೆಯದೂ ಹಾಗೇ. ಮೂರನೆಯದೂ. ಆಗ ನೆನಪಾಯಿತು: ಹೋದ ತಿಂಗಳು ಮದುವೆಮನೆಗೆಂದು ನಾದಸ್ವರದ ಹಾಡು ಹುಡುಕುವಾಗ ಕೈತಪ್ಪಿ ಒಂದು ಶ್ರೀಯ ಮೇಲೆ ಒತ್ತಿ, ಯಾವುದರಲ್ಲಿ ತೆರೆಯಲಿ ಎಂದು ಅದು ಕೇಳಿದ್ದಕ್ಕೆ ಹಾಡಿನದನ್ನು ತೋರಿಸಿ, ‘ಯಾವಾಗಲೂ ಇದರಲ್ಲೇ’ ಎಂಬುದಕ್ಕೂ ಗುರುತು ಹಾಕಿದ್ದೆ. ನಾನು ಒಮ್ಮೆ ಹೇಳಿದ್ದನ್ನು ತಪ್ಪದೆ ಪಾಲಿಸುವ ಜೀವ ಈ ಮನೆಯಲ್ಲಿ ಅದೊಂದೇ.

ತರೀಕೆರೆಗೆ ಫೋನು ಹಚ್ಚಿದೆ; ಎತ್ತುವಷ್ಟರಲ್ಲಿ ಒಂಬತ್ತು ದಾಟಿತ್ತು. ಕಂಪ್ಯೂಟರ್ ಕೊಟ್ಟ ಮಾಸ್ತರು ಈಗ ಕಬ್ಬಿನ ಹಾಲಿನ ಅಂಗಡಿ ಇಟ್ಟಿದ್ದಾರೆ. ಗಾಣದ ಗೆಜ್ಜೆಯ ಸದ್ದಿನ ನಡುವೆ ಕೂಗಿದರು: “ಬಲಗಡೆ ಬಟನ್ ಒತ್ರೀ! ಓಪನ್ ವಿತ್ ಅಂತ ಬತ್ತದೆ. ಅದ್ರಲ್ಲಿ ನೋಟ್‌ಪ್ಯಾಡ್! ಬೇರೆ ಏನೂ ಮುಟ್ಬೇಡಿ, ಮುಟ್ಟಿದ್ರೆ ನಾನಿಲ್ಲ!”

ಮುಟ್ಟಲಿಲ್ಲ. ಅವರು ಹೇಳಿದಷ್ಟೇ ಮಾಡಿದೆ. ತೆರೆಯಿತು. ಆದರೆ ಪರದೆಯ ತುಂಬ ಇದ್ದುದು ಕನ್ನಡವಲ್ಲ, ಇಂಗ್ಲಿಷೂ ಅಲ್ಲ. ಮೊದಲಿಗೆ ಮೇಲಕ್ಕೇರಿದ ಪುಟ್ಟ ಎರಡು, ಅದರ ಪಕ್ಕ ಒಂದಕ್ಕೊಂದು ಅಂಟಿಕೊಂಡ ಅಕ್ಷರ, ಆಮೇಲೆ ತಲೆಯ ಮೇಲೆ ಹಾವು ಹೊತ್ತ ಇಂಗ್ಲಿಷ್ ‘ಎ’. ಕೆಳಗೆ ಸಾಲುಸಾಲು ಅಂಥವೇ ಪಿಶಾಚಿಗಳು. ಮತ್ತೊಂದು ತೆರೆದೆ. ಅದರ ನೆತ್ತಿಯ ಮೇಲೂ ಅದೇ ಮೂರು. ಇನ್ನೊಂದು, ಮತ್ತೊಂದು. ನನ್ನ ಹಿರಿಯರನ್ನು ಒಬ್ಬರನ್ನೂ ಬಿಡದೆ ಹುಳ ತಿಂದಿತ್ತು. ಅತ್ತ ಕೆರೆ, ಇತ್ತ ಇದು.

ತರೀಕೆರೆಗೆ ಮತ್ತೆ ಫೋನು ಮಾಡಿದೆ. ರಿಂಗಾಗಿ ರಿಂಗಾಗಿ ನಿಂತಿತು. ಶನಿವಾರ, ಕಬ್ಬಿನ ಹಾಲಿಗೆ ಗಿರಾಕಿ ಜಾಸ್ತಿ.

ಒಂದು ವಿಷಯ ಇಲ್ಲಿ ಬರೆದೇ ಬಿಡುತ್ತೇನೆ. ಆ ಗಳಿಗೆಯಲ್ಲಿ ನನಗೊಂದು ಯೋಚನೆ ಬಂತು. ಹೊಸದಾಗಿ ಒಂದು ಪುಟ ಬರೆದು, ನೆತ್ತಿಯ ಮೇಲೆ ಶ್ರೀ ಹಾಕಿ, ಮುತ್ತಾತ ಬೇರೆ ಬೆಡಗಿನಿಂದ ಬಂದವನೆಂದು ಎರಡು ಸಾಲು ಸೇರಿಸಿದರೆ ಯಾರಿಗೆ ಗೊತ್ತಾಗುತ್ತದೆ? ಗಡಿಯಾರ ನೋಡಿದೆ. ಹತ್ತೂಕಾಲು. ಎರಡು ಬೆರಳಲ್ಲಿ ಅಷ್ಟು ಬೇಗ ಆಗುವ ಕೆಲಸವಲ್ಲ. ನನ್ನ ಪ್ರಾಮಾಣಿಕತೆಯನ್ನು ಕಾಪಾಡಿದ್ದು ನನ್ನ ಟೈಪಿಂಗ್.

ಹನ್ನೊಂದಕ್ಕೆ ಐದು ನಿಮಿಷವಿರುವಾಗ ಹುಡುಗನ ದೊಡ್ಡಪ್ಪ ಅವಸರದಲ್ಲಿ ಚಪ್ಪಲಿ ಕಾಲಲ್ಲೇ ಒಳಗೆ ಬಂದರು. ಹೆಂಡತಿ ನೀರು ಕೊಟ್ಟಳು, ಕಾಫಿಗೆ ಇಡುತ್ತೇನೆಂದಳು.

“ಕಾಫಿ ಆಮೇಲೆ ಆಗ್ಲಿ ತಾಯಿ. ಎಲ್ಲಿ ಸ್ವಾಮಿ ನಿಮ್ಮ ಪುರಾವೆ?”

ನಡುಮನೆಯಿಂದ ಅಣ್ಣ ಅತ್ತಿಗೆ ಇಣುಕುತ್ತಿದ್ದರು. ಪರದೆ ತೋರಿಸಿದೆ. “ಇತ್ತು. ಎಲ್ಲ ಕೆಟ್ಟು ಹೋಗಿದೆ” ಎಂದೆ.

ಅವರು ಕನ್ನಡಕ ಹಾಕಿಕೊಂಡು ಬಗ್ಗಿದರು. ಆ ಪಿಶಾಚಿಗಳನ್ನೇ ದಿಟ್ಟಿಸಿದರು. ಆಮೇಲೆ ಹಿಂದೆ ಸರಿದು, ಹೊಸಿಲಾಚೆ ಹೋಗಿ, ಕಾಲಿನ ಚಪ್ಪಲಿ ಬಿಟ್ಟು ಬಂದರು.

“ಮೇಲೆ ಶ್ರೀಕಾರ ಹಾಕಿದ್ದೀರಲ್ಲ. ಮೊದ್ಲೇ ಹೇಳ್ಬಾರ್ದಾ?”

“ಎಲ್ಲಿ ಸ್ವಾಮಿ?”

“ಇಗೋ, ಈ ಮೂರು. ಎರಡು, ಅಂಟಕಂಡಿರೋದು, ಹಾವು. ಅದೇ ಶ್ರೀ. ಇಪ್ಪತ್ತು ವರ್ಷ ಕಚೇರೀಲಿ ಇದನ್ನ ನೋಡ್ಕಂಡೇ ಸವೆದೆ. ಹಳೇ ಕನ್ನಡ ಫಾಂಟು ಕಣ್ರೀ, ಕೆಟ್ಟಿಲ್ಲ ಗಿಟ್ಟಿಲ್ಲ. ನೀವು ಬರೆದಿದ್ದು ಕನ್ನಡದ ಪ್ರೋಗ್ರಾಮಲ್ಲಿ, ತೆಗೆದಿರೋದು ಇನ್ನೊಂದ್ರಲ್ಲಿ. ಸರೀರಿ ಆ ಕಡೆ.”

ಪುರಾವೆ ಕೇಳಲು ಬಂದವರೇ ನನ್ನ ಕುರ್ಚಿಯಲ್ಲಿ ಕೂತರು. ಎಲ್ಲೋ ಒತ್ತಿ ಫಾಂಟುಗಳ ಪಟ್ಟಿ ಇಳಿಸಿ, ಒಂದನ್ನು ಆರಿಸಿದರು. ಪಿಶಾಚಿಗಳೆಲ್ಲ ಒಟ್ಟಿಗೆ ಅಲುಗಾಡಿ ಕನ್ನಡವಾಗಿ ನಿಂತವು.

ಸಮಾಧಾನಕ್ಕೆ ಪುರುಸೊತ್ತಾಗಲಿಲ್ಲ. ಈಗ ಮೂವತ್ತೇಳನ್ನೂ ಅವರೇ ಕೈಗೆ ಸಿಕ್ಕ ಹಾಗೆ ಒಂದೊಂದಾಗಿ ತೆರೆದು ಗಟ್ಟಿಯಾಗಿ ಓದತೊಡಗಿದರು, ಕಚೇರಿಯಲ್ಲಿ ಕಡತ ಓದುವ ರಾಗದಲ್ಲಿ. ಮೆಷಿನ್ ಸೂಜಿಗಳ ಪಟ್ಟಿ. ವಿದ್ಯುತ್ ಕಂಬ ವಾಲಿದೆಯೆಂದು ಬರೆದು ಕಳಿಸದ ಅರ್ಜಿ. ‘ಊರಿಗೆ ಹೊರಡುವ ಮುನ್ನ ನೋಡಬೇಕಾದ್ದು: ಗ್ಯಾಸು, ನಲ್ಲಿ, ಹಿಂಬಾಗಿಲು, ಮತ್ತೆ ಗ್ಯಾಸು.’ ಅಣ್ಣನ ಮಗಳು ಆ ಸ್ಥಿತಿಯಲ್ಲೂ ಬಾಯಿಗೆ ಸೆರಗು ಒತ್ತಿಕೊಂಡಳು. ನನಗೆ ಮಾತ್ರ ಇನ್ನೊಂದು ನೆನಪಾಯಿತು. ಎರಡು ತಿಂಗಳ ಹಿಂದೆ, ಹುಡುಗನ ಕಡೆಯವರು ನಮ್ಮ ಮನೆಗೆ ಬಂದು ಹೋದ ದಿನ ಬರೆದದ್ದು. ತಡೆಯುವಷ್ಟರಲ್ಲಿ ಅವರು ತೆರೆದಾಗಿತ್ತು.

“ಶ್ರೀ. ಹುಡುಗನ ಕಡೆಯ ಅನುಮಾನಗಳು. ಒಂದು: ಹುಡುಗ ಊಟವನ್ನು ಅತಿ ಬೇಗ ಮುಗಿಸುತ್ತಾನೆ, ಕಾರಣ ತಿಳಿಯದು. ಎರಡು: ಅವನ ದೊಡ್ಡಪ್ಪನಿಗೆ ಬಾಯಿ ಜಾಸ್ತಿ, ಕಿವಿ ಕಮ್ಮಿ.”

ಅಡುಗೆಮನೆಯಲ್ಲಿ ಚಮಚ ಬಿದ್ದ ಸದ್ದು ಕೇಳಿತು. ಅವರು ತಿರುಗದೆಯೇ ಕೇಳಿದರು: “ಮೂರನೇದು ಓದ್ಲೋ, ಬೇಡ್ವೋ?”

“ಅದು ಸ್ವಾಮಿ, ಸುಮ್ನೆ...”

“ಮೂರು: ಅವರಿಗೆ ನಮ್ಮ ಕಾಫಿ ಹಿಡಿಸಿದಂತಿಲ್ಲ.” ಕನ್ನಡಕ ತೆಗೆದು ಒರೆಸಿಕೊಂಡರು. “ಕಾಫಿ ಚೆನ್ನಾಗೇ ಇತ್ತು. ಸಕ್ಕರೆ ಜಾಸ್ತಿ, ಅಷ್ಟೆ.” ಮುಂದಿನದನ್ನು ತೆರೆದರು.

ಅದು ಆರನೇ ಶ್ರೀ. ಶುರುವಿಗೇ ಮನೆದೇವರ ಹೆಸರು. ಹೆಳವನ ದನಿ ಕೇಳಿದಂತಾಯಿತು. ಒಂದೊಂದೇ ತಲೆಮಾರು ಇಳಿದು ಬರುತ್ತಿತ್ತು. ಅಣ್ಣನ ಮಗಳು ಬಾಗಿಲು ಬಿಟ್ಟು ನನ್ನ ಪಕ್ಕ ಬಂದು ತೋಳು ಹಿಡಿದಳು. ಉಗುರು ಚುಚ್ಚುತ್ತಿತ್ತು.

“ಇವನು ಎಮ್ಮೆದೊಡ್ಡಿ ಕಾವಲಿನಲ್ಲಿ ಮೇಯುತ್ತಿದ್ದ ಅರಮನೆಯ ಅಮೃತಮಹಲ್ ಕರುವೊಂದನ್ನು ಕದ್ದು ಹೊಡೆದುಕೊಂಡು ಬಂದು, ಸಿಕ್ಕಿಬಿದ್ದು, ಕೋಳ ಹಾಕಿಸಿಕೊಂಡವನು. ಇವನಿಗೆ ಗಂಡು ಸಂತಾನವಿಲ್ಲ. ಒಬ್ಬಳೇ ಮಗಳು, ಅಜ್ಜಂಪುರಕ್ಕೆ ಕೊಟ್ಟಿತ್ತು. ಆಕೆಯ ಎರಡನೇ ಮಗನನ್ನು ಮಡಿಲಿಗೆ ಹಾಕಿಕೊಂಡು ದತ್ತು ತಂದರು.” ಅವರು ನಿಲ್ಲಿಸಿದರು. ಬೆರಳು ಪರದೆಯ ಮೇಲೆ ಸರಿಯಿತು. “ಹುಟ್ಟಿದ ಬೆಡಗು... ಹುಣಸೆ.”

ಅವರು ಮತ್ತೊಮ್ಮೆ ಓದಿದರು. ಆಮೇಲೆ ನನ್ನತ್ತ ತಿರುಗಿದರು. ಅವರ ಮುಖದಲ್ಲಿ ನಾನು ಕಾದಿದ್ದ ನಗು ಇರಲಿಲ್ಲ.

“ನೋಡ್ರೀ, ಕೇಳ್ಬಾರ್ದು, ಆದ್ರೂ ಕೇಳ್ತೀನಿ. ಕುಟ್ಟಿದ್ದು ನೀವೇ. ನಾನು ಬರೋಕೆ ಮುಂಚೆ ಬೆಳ್ಳಿ ತೆಗೆದು ಹುಣಸೆ ಹಾಕಿಲ್ಲ ಅಂತ ಹೆಂಗೆ ನಂಬ್ಲಿ?”

ಹತ್ತೂಕಾಲಿಗೆ ಬಂದ ಯೋಚನೆ ನನ್ನ ಹಣೆಯ ಮೇಲೆ ಬರೆದಿತ್ತೇನೋ. ಅಣ್ಣನ ಮಗಳು ಮುಂದೆ ಬಂದಳು. ಹಿರಿಯರ ಮುಂದೆ ಅವಳು ಹಾಗೆ ಮಾತಾಡಿದ್ದು ಅದೇ ಮೊದಲು.

“ಬೆಳಿಗ್ಗೆ ಆರೂವರೆಯಿಂದ ತೆಗೆಯೋಕೇ ಬರದೋರು ತಿದ್ದೋದೆಲ್ಲಿಂದ ಬಂತು? ತಿದ್ದೋ ಹಂಗಿದ್ರೆ ಮೊದ್ಲು ಆ ಕರು ಕದ್ದೋನನ್ನ ತೆಗೀತಿರ್ಲಿಲ್ವಾ? ಬೀಗರ ಮುಂದೆ ಓದಿಸ್ಕೊಳ್ಳೋ ಸಾಲಾ ಅದು?”

ದೊಡ್ಡಪ್ಪ ಅವಳನ್ನು ನೋಡಿದರು. ಪರದೆ ನೋಡಿದರು. ನನ್ನನ್ನು, ಬಹುಶಃ ಕರು ಕದ್ದವನ ಮರಿಮಗನ ಮೊಮ್ಮಗನೆಂಬ ಲೆಕ್ಕದಲ್ಲಿ, ಅಡಿಯಿಂದ ಮುಡಿಯವರೆಗೆ ನೋಡಿದರು.

“ಅದೂ ನಿಜ ಕಣವ್ವ. ಸುಳ್ಳು ಬರೆಯೋನು ಕೋಳ ಹಾಕಿಸ್ಕೊಂಡೋನನ್ನ ಮನೇಲಿ ಇಟ್ಕೊಳ್ಳಲ್ಲ.” ಎದ್ದು ನಿಂತು, ಅಡುಗೆಮನೆಯ ಕಡೆ ತಿರುಗಿ ಕೂಗಿದರು: “ತಾಯೀ, ಈಗ ಕಾಫಿ ಕೊಡಿ. ಸಕ್ಕರೆ ಕಮ್ಮಿ!”

ಹೋಗುವಾಗ ಚಪ್ಪಲಿ ಮೆಟ್ಟಿಕೊಂಡು ನನ್ನ ಹತ್ತಿರ ಬಂದರು. “ಆ ಅನುಮಾನದ್ದು ಅಳಿಸ್ಬೇಡಿ ಬೀಗ್ರೇ. ಹುಡುಗ ಯಾಕೆ ಬೇಗ ಉಣ್ತಾನೆ ಅಂತ ನಂಗೂ ಗೊತ್ತಿಲ್ಲ.”

ಭಾನುವಾರದ ಶಾಸ್ತ್ರ ಭಾನುವಾರವೇ ನಡೆಯಿತು. ಅಂದು ಬೆಳಿಗ್ಗೆ ಎಲ್ಲರೂ ಎಲೆ ಅಡಿಕೆ ಜೋಡಿಸುತ್ತಿದ್ದರೆ ನಾನು ಹೊಸ ನೋಟ್‌ಬುಕ್ ಹಿಡಿದು ಪರದೆ ನೋಡುತ್ತ ಆರನೇ ಶ್ರೀಯನ್ನು ಕೈಯಲ್ಲಿ ನಕಲು ಮಾಡುತ್ತಿದ್ದೆ. ಮೊದಲು ಶ್ರೀಕಾರ, ಆಮೇಲೆ ಮನೆದೇವರು. ಕರು ಕದ್ದವನ ಸಾಲಿಗೆ ಬಂದಾಗ ಪೆನ್ನು ಒಂದು ಕ್ಷಣ ನಿಂತಿತು. ಅವನನ್ನೂ ಬರೆದೆ, ಕೋಳದ ಸಮೇತ. ಹೆಂಡತಿ ರೇಷ್ಮೆ ಸೀರೆಯಲ್ಲಿ ಬಂದು ಹೆಗಲ ಮೇಲಿಂದ ಬಗ್ಗಿ ನೋಡಿದಳು.

“ಬರೆದಾಯ್ತಾ? ಇದನ್ನ ಯಾವ ಕೆರೆಗೆ ಬಿಡ್ತೀರಿ?”