ನಮ್ಮ ಕುಟುಂಬದಲ್ಲಿ ನನ್ನ ಹೆಂಡತಿಗೆ ಓಟಿಲ್ಲ

ಸ್ನೇಹಿತರೇ, ಇವತ್ತಿನ ಆಘಾತದಿಂದ ನಾನಿನ್ನೂ ಚೇತರಿಸಿಕೊಂಡಿಲ್ಲ. ನಾರಾವಿಯ ನಮ್ಮ ಕುಟುಂಬದ ಮನೆಯಲ್ಲಿ ಬೆಳಿಗ್ಗೆ ಸಭೆ ಇತ್ತು. ಹದಿನೆಂಟು ವರ್ಷಗಳಿಂದ ಅಲ್ಲಿ ನಾನೇ ಯಜಮಾನ. ಓದಿದ್ದು ಏಳನೇ ತರಗತಿಯಾದರೂ ಸಂವಿಧಾನದ ಪೀಠಿಕೆ ನನಗೆ ಬಾಯಿಪಾಠ. ಎಲ್ಲರೆದುರು ಅದನ್ನು ನಿರರ್ಗಳವಾಗಿ ಹೇಳಿ, "ನಮ್ಮ ಕುಟುಂಬವೂ ಹೀಗೆಯೇ ನಡೆಯಬೇಕು" ಎಂದೆ.

ಉಜಿರೆಯಲ್ಲಿ ಕಾಲೇಜು ಓದುವ ತಂಗಿಯ ಮಗಳು ಎದ್ದು ನಿಂತಳು. "ಹಾಗಾದ್ರೆ ಯಜಮಾನಿಕೆಗೆ ಓಟು ಹಾಕುವ, ಮಾವ. ನಾನು ಅಮ್ಮನ ಹೆಸರು ಹೇಳ್ತೇನೆ."

ನಗುತ್ತಲೇ ಒಪ್ಪಿದೆ. ನನ್ನ ಹೆಂಡತಿ, ಮೂವರು ಮಕ್ಕಳು ಜೊತೆಗೇ ಇದ್ದರು, ಗೆಲುವು ಖಚಿತವಿತ್ತು. ನನ್ನ ಪರ ಅವರು ಕೈ ಎತ್ತಿದ ಕೂಡಲೇ ಹುಡುಗಿ ತಡೆದಳು.

"ಅತ್ತೆ, ನೀವೂ ಮಕ್ಕಳೂ ಕೈ ಇಳಿಸಿ. ನಮ್ಮಲ್ಲಿ ಮಕ್ಕಳು ತಾಯಿಯ ಕುಟುಂಬಕ್ಕೆ ಸೇರುವುದು ಅಲ್ವಾ? ನಿಮ್ಮ ಕುಟುಂಬ ಬೇರೆ."

"ನಾನು ಯಜಮಾನ ಮಾರಾಯ್ತಿ, ನನಗೊಂದು ವಿನಾಯಿತಿ ಇಲ್ವಾ?"

"ನಿಯಮ ಯಜಮಾನನಿಗೂ ಒಂದೇ, ಮಾವ. ಸಂವಿಧಾನ ಅಂದ್ರೆ ಅದೇ."

ನಾಲ್ಕು ಕೈಗಳು ಇಳಿದವು. ನಾನು ಮೂರು ಓಟಿನಿಂದ ಸೋತೆ.

ಹಿಂದಿರುಗುವಾಗ ಹೆಂಡತಿ ಮೆಲ್ಲನೆ ಹೇಳಿದಳು: "ಬರುವ ವಾರ ನಮ್ಮ ಕುಟುಂಬದ ಸಭೆ ಉಂಟು. ಅಲ್ಲಿ ನನ್ನ ಅಣ್ಣ ಯಜಮಾನ. ನೀವು ಮನೆಯಲ್ಲೇ ಇರಿ."