ಹಿಂದಿನ ಸಿಂಹ ಮತ್ತು ಬಿಳಿಚೋಡಿನ ಮಾವ

ಈ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ. ಇದರಲ್ಲಿ ಟ್ರೈಲರ್ ಮೇಲಿನ ನಾಲ್ಕು ಸಿಂಹಗಳೂ ನನಗೆ ಎದುರಿನಿಂದ ಕಾಣುತ್ತವೆ. ಆದರೆ ಎಡಗಡೆಯ ಸಿಂಹ ನಾನೇ. ರಟ್ಟಿನ ಮುಖವಾಡದ ತೂತುಗಳಿಂದ ನನಗೆ ಕಂಡದ್ದು ರಸ್ತೆಯ ಎಡಬದಿಯ ಅಂಗಡಿಗಳು ಮಾತ್ರ. ಉಳಿದದ್ದನ್ನು ಯಾರು ಯಾರೋ ಹೇಳಿ ತುಂಬಿಸಿದ್ದಾರೆ.

ಎಪ್ಪತ್ತರ ದಶಕದ ಒಂದು ಸ್ವಾತಂತ್ರ್ಯ ದಿನ. ಆಗ ನಾನು ಜಗಳೂರಿನಲ್ಲಿ ಮೇಷ್ಟ್ರು. ನಮ್ಮ ಶಾಲೆಯ ಡ್ರಾಯಿಂಗ್ ಮೇಷ್ಟ್ರಿಗೆ ಸಾರನಾಥದ ಸಿಂಹಸ್ತಂಭವನ್ನು ಜೀವಂತವಾಗಿ ಮೆರವಣಿಗೆ ಮಾಡಿಸುವ ಹುಚ್ಚು ಹತ್ತಿತ್ತು. ಟ್ರ್ಯಾಕ್ಟರಿನ ಟ್ರೈಲರ್ ಮೇಲೊಂದು ದುಂಡು ಮೇಜು. ಅದರ ಸುತ್ತ ಬಣ್ಣದ ಕಾಗದದ ಚಕ್ರ, ಆನೆ, ಕುದುರೆ, ಗೂಳಿ. ಮೇಲೆ ನಾವು ನಾಲ್ವರು ಬೆನ್ನಿಗೆ ಬೆನ್ನು ಹಚ್ಚಿ ನಿಂತಿದ್ದೆವು. ಕೇಸರಕ್ಕೆ ತೆಂಗಿನ ನಾರು, ನಾಲ್ಕು ಸೊಂಟಕ್ಕೂ ಒಂದೇ ಹಗ್ಗ.

ಮುಂದಿನ ಜಾಗ ಮೇಜು ಕೊಟ್ಟ ಹೋಟೆಲಿನವರಿಗೆ ಹೋಯಿತು. ನಾಲ್ವರಿಗೂ ವೇಷ ಹೊಲಿದ ಟೈಲರ್‌ಗೆ ಸಿಕ್ಕಿದ್ದು ಹಿಂದಿನ ಜಾಗ. ಅವನಿಗೆ ಹೊಸದಾಗಿ ಮದುವೆಯಾಗಿತ್ತು. "ಅಳಿಯ ಬಾಯೇ ಬಿಡಲ್ಲ, ಇದ್ದಾನೋ ಇಲ್ಲವೋ ಗೊತ್ತಾಗಲ್ಲ" ಎಂದು ಮದುವೆ ಚಪ್ಪರದಲ್ಲೇ ಆಡಿಕೊಂಡಿದ್ದ ಮಾವ ಅಂದು ಬಿಳಿಚೋಡಿನಿಂದ ಬರುವವರಿದ್ದರು. ಅವರ ಕಣ್ಣಿಗೆ ಬೀಳಲೇಬೇಕೆಂದು ಟೈಲರ್ ಪಟ್ಟು ಹಿಡಿದ.

"ಸಾರ್, ರೂಪಾಯಿ ಮೇಲೆ ಮೂರೇ ಸಿಂಹ ಐತೆ. ನಾಲ್ಕನೇದು ಯಾಕ್ರಿ?"

"ನಾಲ್ಕು ದಿಕ್ಕಿಗೂ ಧರ್ಮ ಸಾರಬೇಕಲ್ಲಯ್ಯ. ನಿನ್ನ ದಿಕ್ಕು ಯಾರು ನೋಡ್ತಾರೆ?" ಎಂದರು ಡ್ರಾಯಿಂಗ್ ಮೇಷ್ಟ್ರು.

"ದಿಕ್ಕು ನಾನ್ ನೋಡ್ತೀನ್ರಿ. ನನ್ನ ಯಾರ್ ನೋಡ್ತಾರೆ? ನಮ್ಮ ಮಾವ ಮುಂದಿನ ಸಿಂಹ ನೋಡಿ ಚಾ ಕುಡಿಯಾಕೆ ಹೋಗಿಬಿಡ್ತಾರೆ."

ಮೇಷ್ಟ್ರು ಜಗ್ಗಲಿಲ್ಲ. ಮೆರವಣಿಗೆ ಹೊರಟಿತು.

ದಾರಿಯ ಎಡಕ್ಕೆ ಮಾರುತಿ ಗುಡಿ. ನಮ್ಮ ಕಡೆ ಗುಡಿ ಎದುರಾದರೆ ಅದರತ್ತ ತಿರುಗಿ ಕೈ ಮುಗಿಯದೆ ಯಾರೂ ಮುಂದೆ ಹೋಗುವುದಿಲ್ಲ. ಡ್ರೈವರ್ ಟ್ರ್ಯಾಕ್ಟರ್ ನಿಲ್ಲಿಸಿ ಕೈ ಮುಗಿದ. ಸಿಂಹಗಳೂ ಮುಗಿದವು. ನನಗೇನೋ ತಿರುಗುವ ಕೆಲಸವಿರಲಿಲ್ಲ. ಹೋಟೆಲಿನವರು ಎಡಕ್ಕೆ ಹೊರಳಿದರು, ಟೈಲರ್ ಬಲಕ್ಕೆ. ಬಲಗಡೆಯ ಸಿಂಹವಾಗಿದ್ದ ಅಂಚೆಯಣ್ಣ ಪೂರ್ತಿ ಸುತ್ತಿ ಬಂದು ಹಗ್ಗದ ಸಮೇತ ನನ್ನ ಬೆನ್ನೇರಿದ.

"ದಿಕ್ಕು! ದಿಕ್ಕು ಬಿಡಬೇಡ್ರೋ!" ಎಂದು ಮೇಷ್ಟ್ರು ಕೂಗುತ್ತಿದ್ದಂತೆ ಮೇಜು ವಾಲಿತು. ನಾಲ್ವರೂ ಒಂದೇ ಮೂಟೆಯಾಗಿ ಕಾಗದದ ಆನೆಯ ಮೇಲೆ ಬಿದ್ದೆವು.

ಗುಡಿಯ ಕಟ್ಟೆಯ ಮೇಲಿಂದ ಒಂದು ಗಟ್ಟಿ ದನಿ ಕೇಳಿತು: "ಇದರಾಗೆ ನಮ್ಮೋನು ಯಾವನ್ರಪ್ಪಾ?"

"ಮಾವಾ! ನಾನ್ರೀ! ಎಲ್ಲಾರಿಗಿಂತ ಕೆಳಗಿರೋನು!"

ಮಾವ ಎದ್ದು ನಿಂತು ರುಮಾಲು ಸರಿಮಾಡಿಕೊಂಡರು. "ಕೇಳಿದ್ರೇನ್ರೀ? ನಮ್ಮ ಅಳಿಯ ಮಾತಾಡಿದ!"

ಮೇಷ್ಟ್ರು ನಮ್ಮನ್ನು ಮತ್ತೆ ನೆಟ್ಟಗೆ ನಿಲ್ಲಿಸಿ, ದಿಕ್ಕಿಗೊಬ್ಬರಂತೆ ತಿರುಗಿಸಿ, ಹಗ್ಗ ಬಿಗಿದರು. ಮಾವ ಚಾ ಕುಡಿಯಲು ಹೋಗಲಿಲ್ಲ. ಟ್ರೈಲರ್ ಹಿಂದೆಯೇ ನಡೆದು ಬಂದರು.

"ಮಗಳು ಹೆಂಗವಳೆ?"

"ಚೆನ್ನಾಗವಳೆ ಮಾವ. ಒಬ್ಬಟ್ಟು ಮಾಡ್ಯಾಳೆ, ಉಂಡೇ ಹೋಗ್ಬೇಕು."

"ಲಾಂಛನ ಮಾತಾಡಬಾರದು ಕಣಯ್ಯಾ!" ಮೇಷ್ಟ್ರು ಮುಂದಿನಿಂದ ಕಿರುಚಿದರು.

"ಇರ್ರೀ ಸಾರ್," ಎಂದಿತು ಹಿಂದಿನ ಸಿಂಹ, "ಮಾವ ಏನೋ ಕೇಳ್ತಾವರೆ."