ಕೈಬೀಸಿಕೊಂಡು ಬಂದ ಟೀಚರಮ್ಮ

ಇವತ್ತು ಬೆಳಿಗ್ಗೆ ಕಪಾಟಿನ ತಳದಿಂದ ಭೂಕಂಪದ ಚೀಲವನ್ನು ಎಳೆದೆ. ವರ್ಷಕ್ಕೊಮ್ಮೆ ಅದರೊಳಗಿನ ನೀರು, ಬಿಸ್ಕತ್ತು, ಟಾರ್ಚಿನ ಸೆಲ್ ಬದಲಿಸುವುದು ಇಲ್ಲಿ ಜಪಾನಿನಲ್ಲಿ ಎಲ್ಲ ಮನೆಗಳ ಕೆಲಸ. ಜಿಪ್ ತೆಗೆದ ಕೂಡಲೇ ಮೂಗಿಗೆ ಬಡಿದ ರಬ್ಬರಿನ ಮುಗ್ಗಲು ವಾಸನೆ ನನ್ನನ್ನು ಸಗಮಿಹಾರಾದ ಹಳೆಯ ಓಣಿಗೆ, ನಮ್ಮ ಪಕ್ಕದ ಮನೆಯ ಟೀಚರಮ್ಮನ ಬಳಿಗೆ ಕರೆದೊಯ್ಯಿತು...

ಅವರು ಯಹೂದಿ ಹೆಂಗಸು. ೨೦೧೧ರ ಭೂಕಂಪದ ನಂತರ ವಿದೇಶಿ ಕುಟುಂಬಗಳು ಗಂಟುಮೂಟೆ ಕಟ್ಟುತ್ತಿದ್ದಾಗ ಈಕೆ ಬಾಡಿಗೆ ಮನೆಯ ಹಾಲ್‌ನಲ್ಲಿ ಶಾಲೆ ತೆರೆದರು. ಉಳಿದುಕೊಂಡ ಕೆಲವೇ ಯಹೂದಿ ಮಕ್ಕಳಿಗೆ ಬೆಳಿಗ್ಗೆ ಹೀಬ್ರೂ, ಮಧ್ಯಾಹ್ನ ಗಣಿತ, ಇಂಗ್ಲಿಷ್. ನನಗೋ ಕುತೂಹಲ ತಡೆಯದು. ಹಾಲಿಗೆ ಬೇರೆ ಪಾತ್ರೆ, ಮಾಂಸಕ್ಕೆ ಬೇರೆ ಪಾತ್ರೆ ಯಾಕೆ? ಶುಕ್ರವಾರ ಹೊತ್ತು ಮುಳುಗುವ ಮೊದಲೇ ಅಡುಗೆ ಮುಗಿಸುವುದು ಯಾಕೆ? ಬೇಲಿಯಾಚೆಯಿಂದಲೇ ಕೇಳುತ್ತಿದ್ದೆ. ಅಜ್ಜಿಯ ಮಡಿ ನೋಡಿ ಬೆಳೆದವಳಿಗೆ ಆ ಮನೆ ಅಷ್ಟೇನೂ ಪರಕೀಯವೆನಿಸಲಿಲ್ಲ. "ಇಷ್ಟೊಂದು ಇಂಟರ್‌ವ್ಯೂ ನಮ್ಮ ಆಫೀಸಲ್ಲೂ ಮಾಡಲ್ಲ ಕಣೇ" ಎಂದು ನನ್ನವರು ಗೇಲಿ ಮಾಡುತ್ತಿದ್ದರು.

ಓಣಿಯವರು ಒಪ್ಪಿದರೆ ಮಾತ್ರ ಶಾಲೆ ಮುಂದುವರಿಸಬಹುದೆಂದು ಮನೆಯ ಮಾಲೀಕ ಹೇಳಿದ್ದ. ಓಣಿಯಲ್ಲಿ ನೆರೆಹೊರೆ ಸಂಘದ ಮುಖ್ಯಸ್ಥರಾದ ಹಿರಿಯರೊಬ್ಬರ ಮಾತೇ ಕೊನೆ. ಅವರ ತಂಗಿಯ ಮನೆ ಸೆಂಡಾಯ್ ಬಳಿ ಸುನಾಮಿಯಲ್ಲಿ ಕೊಚ್ಚಿಹೋಗಿತ್ತು. ಚೀಲ ಹೊತ್ತು ಎಲ್ಲರೂ ಪಾರ್ಕಿನಲ್ಲಿ ಸೇರುವ ಭೂಕಂಪದ ತಾಲೀಮು ಅವರಿಗೆ ಹುಡುಗಾಟವಾಗಿರಲಿಲ್ಲ. ಆ ಸಲದ ತಾಲೀಮು ಬಿದ್ದದ್ದು ಶನಿವಾರ. ಯಹೂದಿಗಳಿಗೆ ಅದು ಶಬ್ಬಾತ್, ಕೆಲಸವನ್ನೆಲ್ಲ ಬದಿಗಿಟ್ಟು ಪ್ರಾರ್ಥಿಸುವ ದಿನ. ಪ್ರಾರ್ಥನೆಗೆ ಬಂದಿದ್ದ ಮಕ್ಕಳನ್ನು ಸಾಲಾಗಿ ಕರೆದುಕೊಂಡು ಟೀಚರಮ್ಮ ಪಾರ್ಕಿಗೆ ಬಂದರು, ಕೈಬೀಸಿಕೊಂಡು! ನಮ್ಮೆಲ್ಲರ ಬೆನ್ನ ಮೇಲೆ ಚೀಲ. ಇವರ ಬಳಿ ಒಂದು ನೀರಿನ ಬಾಟಲಿಯೂ ಇಲ್ಲ.

ಹಿರಿಯರ ಮುಖ ಬಿಗಿಯಿತು. "ಒಂದು ಚೀಲ ಎತ್ತದವರು ಮಕ್ಕಳನ್ನು ಹೇಗೆ ಕಾಪಾಡುತ್ತಾರೆ?" ಎಂದು ನನ್ನ ಬಳಿ ಗೊಣಗಿದರು. ಮುಂದಿನ ಸಭೆಯಲ್ಲಿ ಅವರು ಬೇಡವೆಂದರೆ ಶಾಲೆಯ ಕಥೆ ಮುಗಿದಂತೆಯೇ.

ಸಂಜೆ ಟೀಚರಮ್ಮನನ್ನು ಕೇಳಿಯೇಬಿಟ್ಟೆ. ಅವರು ನಕ್ಕು ಇಂಗ್ಲಿಷಿನಲ್ಲಿ ಹೇಳಿದರು: "ಶಬ್ಬಾತ್ ದಿನ ಮನೆಯಾಚೆ ಏನನ್ನೂ ಹೊರುವಂತಿಲ್ಲ. ನಿಜವಾಗಿ ನೆಲ ನಡುಗಿದರೆ ಏನು ಬೇಕಾದರೂ ಹೊರುತ್ತೇನೆ. ಜೀವಕ್ಕಿಂತ ದೊಡ್ಡ ನಿಯಮ ನಮ್ಮಲ್ಲಿಲ್ಲ. ಇದು ಬರೀ ತಾಲೀಮು ತಾನೇ?" ಮಾತೇನೋ ಚೆನ್ನಾಗಿತ್ತು. ಆದರೆ ಹಿರಿಯರು ನಂಬಬೇಕಲ್ಲ? ನನಗೇ ಪೂರ್ತಿ ನಂಬಿಕೆ ಬಂದಿರಲಿಲ್ಲ.

ಸಭೆಗೆ ಮುಂಚಿನ ಶನಿವಾರ ಬೆಳಿಗ್ಗೆ ನೆಲ ನಿಜಕ್ಕೂ ಅಲುಗಿತು... ಎಲ್ಲರೂ ಪಾರ್ಕಿಗೆ ಓಡಿದೆವು. ಮಕ್ಕಳೊಂದಿಗೆ ಟೀಚರಮ್ಮನೂ ಬಂದರು. ಎರಡೂ ಹೆಗಲಿಗೆ ಚೀಲ, ಸೊಂಟದ ಮೇಲೊಂದು ಮಗು, ಕೈಯಲ್ಲಿ ಜೋರಾಗಿ ಅರಚುವ ರೇಡಿಯೋ.

ಅಪಾಯವಿಲ್ಲ, ಮನೆಗೆ ಹೋಗಬಹುದು ಎಂದು ಸ್ವಲ್ಪ ಹೊತ್ತಿಗೆ ಮೈಕಿನಲ್ಲಿ ಸಾರಿದರು. ನಾವು ಚೀಲಗಳನ್ನು ಹೆಗಲಿಗೇರಿಸಿದೆವು. ಟೀಚರಮ್ಮ ಮಾತ್ರ ತಮ್ಮ ಚೀಲಗಳನ್ನೂ ರೇಡಿಯೋವನ್ನೂ ಬೆಂಚಿನ ಮೇಲಿಟ್ಟು, ಸೊಂಟದ ಮೇಲಿನ ಮಗುವನ್ನೂ ಕೆಳಗಿಳಿಸಿ, ಮಕ್ಕಳ ಕೈ ಹಿಡಿದು ನಡೆದೇಬಿಟ್ಟರು. ಅಪಾಯ ಮುಗಿಯಿತು, ನಿಯಮ ಮರಳಿ ಬಂತು! ರೇಡಿಯೋ ಅರಚುತ್ತಲೇ ಇತ್ತು. ಶಬ್ಬಾತ್ ದಿನ ಅದನ್ನು ಆರಿಸುವಂತೆಯೂ ಇರಲಿಲ್ಲ. ಹಿರಿಯರು ಬೆಂಚನ್ನು ನೋಡಿದರು, ನನ್ನನ್ನು ನೋಡಿದರು. ನನಗೆ ತಿಳಿದಷ್ಟನ್ನು ವಿವರಿಸಿದೆ. ಅವರು ರೇಡಿಯೋ ಆರಿಸಿ, ಎರಡೂ ಚೀಲಗಳನ್ನು ತಾವೇ ಹೊತ್ತು ಆ ಮನೆಯ ಬಾಗಿಲಿಗೆ ಮುಟ್ಟಿಸಿದರು. ಸಭೆಯಲ್ಲಿ ಶಾಲೆಗೆ ಒಪ್ಪಿಗೆ ಕೊಟ್ಟು, "ಇನ್ನು ತಾಲೀಮು ಭಾನುವಾರ" ಎಂದಷ್ಟೇ ಹೇಳಿ ಕುಳಿತರು. ನನಗೆ ಕಣ್ಣು ತುಂಬಿ ಬಂತು.

ಶಾಲೆ ಬೆಳೆಯಿತು. ಮೊದಲು ಮೇಲಿನ ಮಹಡಿ, ಆಮೇಲೆ ಪಕ್ಕದ ಖಾಲಿ ಮನೆ, ಕಡೆಗೆ ರೈಲು ನಿಲ್ದಾಣದಾಚೆ ಸ್ವಂತ ಕಟ್ಟಡ. ದೂರದ ಮಿನಾಟೋದಿಂದಲೂ ಮಕ್ಕಳು ಬರತೊಡಗಿದರು. ಆ ಕಟ್ಟಡದಲ್ಲಿ ಟೀಚರಮ್ಮ ಹೆಚ್ಚು ಕಾಲ ಪಾಠ ಮಾಡಲಿಲ್ಲ. ನಾವು ಬೆಂಗಳೂರಿಗೆ ಹೋಗಿದ್ದಾಗ ತೀರಿಕೊಂಡರು. ಸುದ್ದಿ ತಲುಪುವಷ್ಟರಲ್ಲಿ ಮಣ್ಣೂ ಆಗಿತ್ತು. ಕೊನೆಯ ಸಲ ಮುಖ ನೋಡಲಾಗಲಿಲ್ಲ ಎಂಬ ಸಂಕಟ ಇನ್ನೂ ಹೋಗಿಲ್ಲ...

ಮನಸ್ಸು ತಡೆಯದೆ ಇವತ್ತು ಮಧ್ಯಾಹ್ನ ರೈಲು ಹತ್ತಿ ಆ ಶಾಲೆಗೆ ಹೋಗಿದ್ದೆ. ಒಳಗೆ ಮಕ್ಕಳ ಗದ್ದಲ. ಗೇಟಿನ ಬಳಿ ಹೊಸ ಕಾವಲುಗಾರ ಬಗ್ಗಿ ನಮಸ್ಕರಿಸಿ, ಯಾರನ್ನು ನೋಡಬೇಕಿತ್ತು ಎಂದು ಕೇಳಿದ. ಒಂದು ಹೆಸರು ನಾಲಿಗೆಯ ತುದಿಗೆ ಬಂತು.

"ಸುಮಿಮಾಸೆನ್, ಕ್ಷಮಿಸಿ, ಯಾರನ್ನೂ ಇಲ್ಲ" ಎಂದೆ.